ಸ್ಕ್ಯಾನ್ ನಾರ್ಮಲ್, ಆದರೂ ಮಗನ ಹೊಟ್ಟೆನೋವು ನಿಂತಿಲ್ಲ

ಪ್ರಶ್ನೆ: ನಮ್ಮದು ಕೊಡಗಿನ ಗೋಣಿಕೊಪ್ಪದ ಹತ್ತಿರದ ಹಳ್ಳಿ. ಮಗನಿಗೆ 15 ವರ್ಷ, ಒಂಬತ್ತನೇ ಕ್ಲಾಸ್. ಕಳೆದ ಜುಲೈ ಮಳೆಯಲ್ಲಿ ವಾಂತಿ-ಭೇದಿ ಆಗಿ ಮೂರು ದಿನ ಆಸ್ಪತ್ರೆಯಲ್ಲಿದ್ದ. ಅಲ್ಲಿಂದ ಶುರುವಾದ ಹೊಟ್ಟೆನೋವು ಎಂಟು ತಿಂಗಳಾದರೂ ಹೋಗಿಲ್ಲ. ಬೆಳಿಗ್ಗೆ ಸ್ಕೂಲ್ ಬಸ್ ಬರುವಷ್ಟರಲ್ಲಿ ಮೂರು-ನಾಲ್ಕು ಸಲ ಟಾಯ್ಲೆಟ್‌ಗೆ ಓಡುತ್ತಾನೆ. ಕೆಲವು ವಾರ ಎರಡಕ್ಕೆ ಹೋಗುವುದೇ ಇಲ್ಲ. ಹೋಗಿ ಬಂದ ಮೇಲೆ ನೋವು ಸ್ವಲ್ಪ ಕಡಿಮೆ. ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎರಡೂ ನಾರ್ಮಲ್. 'ಐಬಿಎಸ್, ಟೆನ್ಶನ್ ಮಾಡ್ಕೋಬೇಡಿ' ಅಂದರು ಡಾಕ್ಟರು. ಭಾನುವಾರ ಚೆನ್ನಾಗಿರುತ್ತಾನೆ, ಹಾಗಾಗಿ ಇದು ಶಾಲೆ ತಪ್ಪಿಸುವ ನಾಟಕ ಅಂತ ನನ್ನ ಯಜಮಾನರ ವಾದ. ಅತ್ತೆ ದಿನಕ್ಕೊಂದು ಕಷಾಯ ಕೊಡುತ್ತಾರೆ. ನಾನು ಹೆದರಿ ಹಾಲು, ಚಪಾತಿ, ಮಾಂಸ ಎಲ್ಲ ನಿಲ್ಲಿಸಿದೆ. ಎರಡು ತಿಂಗಳಿಂದ ಗಂಜಿಯೇ ಜಾಸ್ತಿ, ಮೂರು ಕೆಜಿ ಇಳಿದಿದ್ದಾನೆ. ನಮ್ಮ ಒಕ್ಕದ (ಮನೆತನದ) ತಂಡಕ್ಕೆ ಹಾಕಿ ಆಡುತ್ತಿದ್ದವನು ಸ್ಟಿಕ್ ಮುಟ್ಟುತ್ತಿಲ್ಲ. ಮೊನ್ನೆ ರಾತ್ರಿ 'ಅವ್ವಾ, ನಾನು ಹೀಗೇ ಇರ್ತೀನಾ?' ಅಂದ. ಇದು ಮುಂದೆ ಕ್ಯಾನ್ಸರ್ ಆಗುತ್ತದಾ? ಅವನಿಗೆ ಏನು ಕೊಡಬೇಕು, ಏನು ಬಿಡಬೇಕು?

ಉತ್ತರ: ಕ್ಯಾನ್ಸರ್ ಆಗುವುದಿಲ್ಲ. ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಕರುಳು ಅತಿಸೂಕ್ಷ್ಮವಾಗುವ ತೊಂದರೆ) ಕ್ಯಾನ್ಸರ್‌ಗೆ ತಿರುಗುವ ಕಾಯಿಲೆಯೇ ಅಲ್ಲ. ಕರುಳಿನಲ್ಲಿ ಹುಣ್ಣನ್ನೂ ಮಾಡುವುದಿಲ್ಲ. ಇದನ್ನು ಇವತ್ತೇ ಅವನಿಗೂ ಹೇಳಿಬಿಡಿ. ನಿಮ್ಮನ್ನು ಕೇಳದೇ ಇದ್ದರೂ ಅವನ ತಲೆಯಲ್ಲೂ ಅದೇ ಭಯ ಓಡುತ್ತಿರಬಹುದು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಆ ಮೂರು ಕೆಜಿ ಮೇಲೆ. ಅದನ್ನು ಮೊದಲು ಮುಗಿಸಿಬಿಡೋಣ.

ಐಬಿಎಸ್ ಒಂದರಿಂದಲೇ ಬೆಳೆಯುವ ಹುಡುಗನ ತೂಕ ಇಳಿಯಬಾರದು. ಎರಡು ತಿಂಗಳು ಗಂಜಿ ಕುಡಿದರೆ ಯಾರ ತೂಕವಾದರೂ ಇಳಿಯುತ್ತದೆ, ಕಾರಣ ಬಹುಶಃ ಅದೇ. ಆದರೆ 'ಬಹುಶಃ' ಅಂತ ಕೂರುವ ವಿಷಯ ಇದಲ್ಲ. ಮಕ್ಕಳ ವೈದ್ಯರ ಹತ್ತಿರ ಇನ್ನೊಂದು ಸಲ ಹೋಗಿ, ಎತ್ತರ-ತೂಕ ಅಳೆಸಿ, ಎರಡು ಪರೀಕ್ಷೆಗಳ ಬಗ್ಗೆ ಕೇಳಿ. ಒಂದು, ಫೀಕಲ್ ಕ್ಯಾಲ್‌ಪ್ರೊಟೆಕ್ಟಿನ್. ಇದು ಮಲದ ಪರೀಕ್ಷೆ. ಕರುಳಿನಲ್ಲಿ ನಿಜವಾದ ಉರಿಯೂತ ಇದೆಯಾ ಅನ್ನೋದರ ಸುಳಿವು ಸೂಜಿ ಚುಚ್ಚದೆ ಸಿಗುತ್ತದೆ. ನಿಮ್ಮ ಹತ್ತಿರ ಆಗದಿದ್ದರೆ ಮೈಸೂರಿನ ಲ್ಯಾಬ್‌ಗಳಲ್ಲಿ ಆಗುತ್ತದೆ. ನೋವಿಗೆ ಐಬುಪ್ರೊಫೆನ್‌ನಂಥ ಮಾತ್ರೆ ತಗೊಂಡಿದ್ದರೆ ಮೊದಲೇ ಹೇಳಿ, ಅದರಿಂದಲೂ ಈ ಅಂಕಿ ಏರುತ್ತದೆ.

ಎರಡನೆಯದು ಸೀಲಿಯಾಕ್ ಕಾಯಿಲೆಗೆ ಮಾಡುವ ರಕ್ತಪರೀಕ್ಷೆ. ಗೋಧಿಯಲ್ಲಿರುವ ಗ್ಲುಟೆನ್ ಕೆಲವರ ಕರುಳನ್ನು ಹಾಳು ಮಾಡುತ್ತದೆ, ಅದನ್ನು ಹಿಡಿಯುವ ಪರೀಕ್ಷೆ. ಇಲ್ಲೊಂದು ತೊಡಕಿದೆ. ಗೋಧಿ ತಿನ್ನದೇ ಇರುವವರಲ್ಲಿ ಕಾಯಿಲೆ ಇದ್ದರೂ ಈ ಪರೀಕ್ಷೆ ನಾರ್ಮಲ್ ಅಂತ ಬಂದುಬಿಡಬಹುದು. ನೀವು ಚಪಾತಿ ನಿಲ್ಲಿಸಿ ಎರಡು ತಿಂಗಳಾಯಿತು ಅಂತ ವೈದ್ಯರಿಗೆ ಹೇಳಿ. ಸುಮಾರು ಆರು ವಾರ ದಿನವೂ ಗೋಧಿ ತಿಂದ ಮೇಲೆ ಪರೀಕ್ಷೆ ಮಾಡಿಸಲು ಅವರು ಹೇಳಬಹುದು. ಪರೀಕ್ಷೆಗೆ ಮೊದಲೇ ಆಹಾರ ಬಿಡಿಸಿ ಆಮೇಲೆ ನಮ್ಮ ಹತ್ತಿರ ಬರುವವರು ತುಂಬಾ ಜನ. ನಿಮ್ಮನ್ನು ಬೈಯುತ್ತಿಲ್ಲ. ನೋವಿನಲ್ಲಿರುವ ಮಗುವಿನ ತಟ್ಟೆಯಿಂದ ಏನಾದರೂ ತೆಗೆದುಬಿಡೋಣ ಅಂತ ಯಾವ ತಾಯಿಗೂ ಅನಿಸುತ್ತದೆ.

ಈ ಎರಡೂ ಸರಿಯಿದ್ದರೆ ಪರೀಕ್ಷೆಗಳಿಗೆ ಅಲ್ಲಿಗೇ ಫುಲ್ ಸ್ಟಾಪ್. ಮತ್ತೊಂದು ಸ್ಕ್ಯಾನ್, ಮತ್ತೊಬ್ಬ ಡಾಕ್ಟರು ಅಂತ ಮೈಸೂರು-ಮಂಗಳೂರು ಸುತ್ತಿದಷ್ಟೂ, ನನಗೆ ಏನೋ ಇದೆ, ಇವರಿಗೆ ಸಿಗ್ತಿಲ್ಲ ಅಂತಲೇ ಹುಡುಗ ತಿಳಿಯುತ್ತಾನೆ.

ಇನ್ನು ನಾಟಕದ ಮಾತು. ಐಬಿಎಸ್ ಅಂದರೇನು ಅಂತ ಹೇಳುವಾಗ ನಾನು ತೋಟದ ನಾಯಿಯ ಕತೆ ಹೇಳುತ್ತೇನೆ. ಕೊಡಗಿನ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ಒಂದು ರಾತ್ರಿ ತೋಟಕ್ಕೆ ಆನೆ ನುಗ್ಗಿತು. ನಾಯಿ ಬೊಗಳಿತು, ಮನೆಯವರೆಲ್ಲ ಎದ್ದರು, ಪಟಾಕಿ ಸಿಡಿಸಿದರು, ಆನೆ ಹೋಯಿತು. ಆಮೇಲಿಂದ ಆ ನಾಯಿ ಸಿಲ್ವರ್ ಓಕ್ ಎಲೆ ಉದುರಿದರೂ ಬೊಗಳುತ್ತದೆ. ನಾಯಿ ಸುಳ್ಳು ಹೇಳುತ್ತಿಲ್ಲ. ಹಾಗಂತ ತೋಟದಲ್ಲಿ ಆನೆಯೂ ಇಲ್ಲ.

ಜುಲೈನ ವಾಂತಿ-ಭೇದಿ ಆ ಆನೆ. ಹೊಟ್ಟೆಯ ಸೋಂಕು ವಾಸಿಯಾದ ಮೇಲೂ ಸುಮಾರು ಹತ್ತರಲ್ಲಿ ಒಬ್ಬರಿಗೆ ಐಬಿಎಸ್ ಉಳಿದುಕೊಳ್ಳುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ನಮ್ಮ ಕರುಳಿನ ಗೋಡೆಯಲ್ಲೇ 10 ಕೋಟಿಗೂ ಜಾಸ್ತಿ ನರಕೋಶಗಳಿವೆ. ಮಿದುಳಿನ ಜೊತೆ ಅವುಗಳ ಮಾತುಕತೆ ನಿಲ್ಲುವುದೇ ಇಲ್ಲ. ಐಬಿಎಸ್ ಇರುವವರ ಕರುಳಿನೊಳಗೆ ಸಣ್ಣ ಬಲೂನ್ ಇಟ್ಟು ನಿಧಾನವಾಗಿ ಊದಿ ನೋಡಿದ್ದಾರೆ. ಬೇರೆಯವರಿಗೆ ಸುಮ್ನೆ ಗಾಳಿ ತುಂಬಿದ ಹಾಗೆ ಅನಿಸುವ ಹೊತ್ತಿಗೆ ಇವರಲ್ಲಿ ಹಲವರಿಗೆ ನೋವು ಶುರುವಾಗಿರುತ್ತದೆ. ಈ ವ್ಯತ್ಯಾಸ ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಸ್ಕ್ಯಾನ್ ಕರುಳಿನ ಆಕಾರ ತೋರಿಸುತ್ತದೆ, ನರ ಎಷ್ಟು ಜೋರಾಗಿ ಕೂಗುತ್ತಿದೆ ಅಂತಲ್ಲ.

ಭಾನುವಾರ ಯಾಕೆ ನೋವಿಲ್ಲ? ಯಜಮಾನರಿಗೆ ಹೀಗೆ ಹೇಳಿ. ಎದ್ದು ಏನಾದರೂ ಹೊಟ್ಟೆಗೆ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುವುದು ಎಲ್ಲರಲ್ಲೂ ಇದೆ. ಶಾಲೆ ಇರುವ ದಿನ ಅದರ ಮೇಲೆ ಅವಸರ ಸೇರುತ್ತದೆ. ಬಸ್ ಹತ್ತಿದರೆ ಮುಕ್ಕಾಲು ಗಂಟೆ ತಿರುವು ರಸ್ತೆ, ನಡುವೆ ಟಾಯ್ಲೆಟ್ ಇಲ್ಲ. ಬಸ್‌ನಲ್ಲಿ ಬಂದುಬಿಟ್ಟರೆ ಅನ್ನೋ ಭಯಕ್ಕೇ ಕರುಳು ಮತ್ತೂ ಹಿಂಡುತ್ತದೆ. ಭಾನುವಾರ ಈ ಭಯ ಇಲ್ಲ, ಟಾಯ್ಲೆಟ್ ಹತ್ತು ಹೆಜ್ಜೆಯಲ್ಲಿದೆ. ಪರೀಕ್ಷೆಯ ದಿನ, ಮದುವೆಯ ದಿನ ಯಜಮಾನರಿಗೇ ಹೊಟ್ಟೆ ಕಲಕಿರಲಿಲ್ವಾ? ಅದು ನಾಟಕ ಆಗಿತ್ತಾ?

ನಾಯಿಯ ಕತೆ ಇನ್ನೂ ಇದೆ. ಬೊಗಳಿದಾಗಲೆಲ್ಲ ನೀವು ಟಾರ್ಚ್ ಹಿಡಿದು ಓಡಿದರೆ ನಾಯಿ ಏನು ಕಲಿಯುತ್ತದೆ? ಖಂಡಿತ ಆನೆ ಇದೆ ಅಂತ. ಕೋಲು ತಗೊಂಡು ಹೊಡೆದರೆ? ಇನ್ನೂ ಹೆದರುತ್ತದೆ, ಇನ್ನೂ ಬೊಗಳುತ್ತದೆ. ಕೋಲು ಹಿಡಿದವರು ಯಜಮಾನರು. ಟಾರ್ಚ್ ಹಿಡಿದವರು ನೀವು. ಬೇಸರ ಮಾಡ್ಕೋಬೇಡಿ, ಇಬ್ಬರ ಉದ್ದೇಶವೂ ಒಳ್ಳೆಯದೇ.

2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿದರು. ಕೆಲವು ಪೋಷಕರಿಗೆ, ನೋವಿನ ಬಗ್ಗೆಯೇ ಮಾತಾಡಿ, ವಿಚಾರಿಸಿ ಅಂದರು. ಇನ್ನು ಕೆಲವರಿಗೆ, ಬೇರೆ ಮಾತಿಗೆ ಎಳೆಯಿರಿ ಅಂದರು. ವಿಚಾರಿಸಿದ ಕಡೆ ಮಕ್ಕಳ ನೋವಿನ ದೂರು ಸುಮಾರು ಎರಡರಷ್ಟಾಯಿತು. ಬೇರೆ ಮಾತಿಗೆ ಎಳೆದ ಕಡೆ ಅರ್ಧಕ್ಕೆ ಇಳಿಯಿತು. ತಮಾಷೆ ಅಂದರೆ, ಬೇರೆ ಮಾತಾಡಿದ್ದೇ ಚೆನ್ನಾಗಿತ್ತು ಅಂದರು ಮಕ್ಕಳು. ಹೊಟ್ಟೆನೋವಿನ ಮಕ್ಕಳ ಅಪ್ಪ-ಅಮ್ಮಂದಿರಿಗೆ ಮಾತ್ರ ಹಾಗೆ ಮಾಡಿದರೆ ಮಗುವಿಗೆ ತೊಂದರೆ ಆಗುತ್ತದೇನೋ ಅನ್ನೋ ಅಳುಕು.

ಹಾಗಾಗಿ ಮನೆಯಲ್ಲಿ ಒಂದು ಒಪ್ಪಂದ ಮಾಡಿಕೊಳ್ಳಿ. ಹೊಟ್ಟೆ ಹೇಗಿದೆ ಅಂತ ಯಾರೂ ಕೇಳುವುದಿಲ್ಲ. ನೀವೂ ಇಲ್ಲ, ಅಜ್ಜಿಯೂ ಇಲ್ಲ, ಮನೆಗೆ ಬಂದ ನೆಂಟರೂ ಇಲ್ಲ. ನೋವು ಜಾಸ್ತಿಯಾದರೆ, ಬೇರೆ ಥರ ಅನಿಸಿದರೆ ಅವನೇ ಹೇಳುತ್ತಾನೆ. ಹೇಳಿದಾಗ ಪೂರ್ತಿ ಕೇಳಿಸಿಕೊಳ್ಳಿ. 'ಏನೂ ಇಲ್ಲ, ಸುಮ್ನಿರು' ಅನ್ನಬೇಡಿ. 'ನೋಯ್ತಿದೆ ಅಂತ ಗೊತ್ತು. ಬಿಸಿನೀರಿನ ಚೀಲ ಇಟ್ಕೋ, ಹತ್ತು ನಿಮಿಷ ಬಿಟ್ಟು ಹೊರಡೋಣ' ಅನ್ನಿ. ಮುಖದಲ್ಲಿ ಗಾಬರಿ ಬೇಡ. ನಿಮ್ಮ ಮುಖ ನೋಡಿಯೇ ಅವನು ಅಪಾಯ ಅಳೆಯುತ್ತಾನೆ.

ಯಜಮಾನರು ಒಂದು ಸಲ ಅವನ ಜೊತೆ ತೋಟದಲ್ಲಿ ನಡೆಯುತ್ತಾ, 'ನಾನು ನಾಟಕ ಅಂದದ್ದು ತಪ್ಪು' ಅಂದರೆ ಸಾಕು. ಕೊಡಗಿನ ಅಪ್ಪಂದಿರಿಗೆ ಇದು ಸುಲಭ ಅಲ್ಲ, ಗೊತ್ತು. ಮಗ ಅದನ್ನು ಮರೆಯುವುದಿಲ್ಲ.

ಈಗ ಊಟ. ಗಂಜಿ ಇವತ್ತಿಗೇ ಸಾಕು ಮಾಡಿ. 15 ವರ್ಷದ ಹುಡುಗ ಎತ್ತರ ಆಗುವ ಹೊತ್ತು ಇದು, ಮೊಟ್ಟೆ-ಮೀನು-ಬೇಳೆ ಬೇಕೇ ಬೇಕು. ನಿಮ್ಮ ಅದೃಷ್ಟಕ್ಕೆ ಕೊಡಗಿನ ಅಡುಗೆ ಐಬಿಎಸ್ ಇರುವವರಿಗೆ ಅಷ್ಟೇನೂ ಕೆಟ್ಟದ್ದಲ್ಲ. ಕರುಳಿನಲ್ಲಿ ಹುಳಿದು ಗ್ಯಾಸ್ ಮಾಡುವ ಸಕ್ಕರೆಗಳು ಅಕ್ಕಿಯಲ್ಲಿ ಬಹಳ ಕಡಿಮೆ. ಅಕ್ಕಿ ಒತ್ತಿ, ಕಡಂಬುಟ್ಟು, ನೂಪುಟ್ಟು ಧೈರ್ಯವಾಗಿ ಕೊಡಿ. ಮೊಟ್ಟೆ, ಕೋಳಿ, ಮೀನಿನಲ್ಲೂ ಆ ಸಕ್ಕರೆ ಇಲ್ಲ. ಪಂದಿ ಕರಿ? ಮಾಂಸ ತಂಟೆ ಮಾಡುವುದಿಲ್ಲ. ಜಾಸ್ತಿ ಕೊಬ್ಬು ಮಾಡುತ್ತದೆ, ಮಸಾಲೆಗೆ ಅರೆದ ಈರುಳ್ಳಿ-ಬೆಳ್ಳುಳ್ಳಿ ಮಾಡುತ್ತದೆ. ಕೊಬ್ಬು ಕಡಿಮೆ ಇರುವ ತುಂಡು ಆರಿಸಿ, ನಾಲ್ಕೈದು ತುಂಡು ಹಾಕಿ ಕೊಡಿ. ನಮ್ಮೆಯಲ್ಲಿ (ಹಬ್ಬದಲ್ಲಿ) ಎಲ್ಲರೂ ತಿನ್ನುವಾಗ ಇವನೊಬ್ಬ ಗಂಜಿ ಲೋಟ ಹಿಡಿದು ಕೂರುವುದು ಬೇಡ. ಆ ಅವಮಾನವೂ ಹೊಟ್ಟೆಗೇ ಇಳಿಯುತ್ತದೆ.

ಬೆಳ್ಳುಳ್ಳಿಗೆ ಒಂದು ಉಪಾಯ ಇದೆ. ಜಜ್ಜದೆ ಇಡೀ ಎಸಳನ್ನು ಎಣ್ಣೆಯಲ್ಲಿ ಹುರಿದು, ಎಸಳು ತೆಗೆದುಬಿಟ್ಟು, ಆ ಎಣ್ಣೆಯಲ್ಲೇ ಅಡುಗೆ ಮಾಡಿ. ತಂಟೆ ಮಾಡುವ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಘಮ ಮಾತ್ರ ಉಳಿಯುತ್ತದೆ.

ಹಾಲು ಎರಡು ವಾರ ಬಿಟ್ಟು ನೋಡಬಹುದು. ನೀವು ಬಿಟ್ಟು ಆಗಲೇ ಎರಡು ತಿಂಗಳಾಗಿದೆ, ಏನೂ ವ್ಯತ್ಯಾಸ ಆಗಿಲ್ಲ ಅಲ್ವಾ? ಹಾಗಾದರೆ ಹಾಲಿನ ತಪ್ಪಲ್ಲ, ವಾಪಸ್ ಕೊಡಿ. ಮೊಸರು, ಮಜ್ಜಿಗೆಯಿಂದ ಶುರು ಮಾಡಿ.

ನನ್ನ ಅನುಮಾನ ಬೇರೆಯದರ ಮೇಲಿದೆ. ಕಾಫಿ. ನೀವು ಅದರ ಬಗ್ಗೆ ಬರೆದೇ ಇಲ್ಲ. ಕೊಡಗಿನ ಮನೆಯಲ್ಲಿ ಹುಡುಗರು ಬೆಳಿಗ್ಗೆ ಆರಕ್ಕೇ ಖಾಲಿ ಹೊಟ್ಟೆಗೆ ಒಂದು ಲೋಟ ಬೆಲ್ಲದ ಕಾಫಿ ಇಳಿಸುವುದು ಯಾರಿಗೂ ಸುದ್ದಿಯೇ ಅಲ್ಲ. ಕಾಫಿ ದೊಡ್ಡ ಕರುಳನ್ನು ನೇರವಾಗಿ ತಳ್ಳುತ್ತದೆ. ಮನೆಯದು ರೊಬಸ್ಟಾ ಆದರೆ ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಸುಮಾರು ಎರಡರಷ್ಟು. ಬಸ್ಸಿಗೆ ಮುಂಚೆ ಮೂರು ಸಲ ಓಡುವ ಹುಡುಗನಿಗೆ ಇದು ಬೇಕಾ? ಎರಡು ವಾರ ಬಿಡಿಸಿ ನೋಡಿ. ಮೊದಲ ಎರಡು-ಮೂರು ದಿನ ತಲೆನೋವು ಬರಬಹುದು. ಕಾಫಿ ಬೆಳೆಯುವವರಿಗೆ ಕಾಫಿ ಬಿಡಿ ಅಂದದ್ದಕ್ಕೆ ಹಿಂದೊಮ್ಮೆ ಬೈಸಿಕೊಂಡಿದ್ದೇನೆ, ಅಭ್ಯಾಸ ಇದೆ.

ಗ್ಯಾಸ್ ಮಾಡುವ ಆ ಸಕ್ಕರೆಗಳನ್ನೇ ಕಡಿಮೆ ಮಾಡುವ ಲೋ-ಫಾಡ್‌ಮ್ಯಾಪ್ ಅನ್ನೋ ಪಥ್ಯದ ಹೆಸರು ಯಾರಾದರೂ ಹೇಳಬಹುದು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ್ದು, ದೊಡ್ಡವರಲ್ಲಿ ಒಳ್ಳೆಯ ಫಲ ಕಂಡಿದೆ. ಆದರೆ ಅದು ಕೆಲವು ವಾರ ಬಿಟ್ಟು, ಒಂದೊಂದಾಗಿ ವಾಪಸ್ ತರುವ ಪಥ್ಯ. ಬಿಟ್ಟಲ್ಲೇ ನಿಲ್ಲುವಂಥದ್ದಲ್ಲ. ಈಗಾಗಲೇ ತೂಕ ಇಳಿದಿರುವ ಹುಡುಗನಿಗೆ ಡಯಟಿಷಿಯನ್ ಇಲ್ಲದೆ ಇದನ್ನು ಮಾಡಲೇಬೇಡಿ.

ಔಷಧಿ ವಿಷಯ ಬೇಗ ಮುಗಿಸುತ್ತೇನೆ. ಇಸಬ್‌ಗೋಲ್ ಕೆಲವು ಮಕ್ಕಳಿಗೆ ಅನುಕೂಲ ಆಗುತ್ತದೆ, ಒಂದು ಚಮಚದಿಂದ ಶುರು, ತುಂಬಾ ನೀರಿನ ಜೊತೆ. ಗೋಧಿ ತೌಡು ಬೇಡ, ಗ್ಯಾಸ್ ಏರಿಸುತ್ತದೆ. ಕರುಳಿನಲ್ಲೇ ಕರಗುವ ಪುದೀನ ಎಣ್ಣೆಯ ಕ್ಯಾಪ್ಸೂಲ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಮೆಡಿಕಲ್ ಶಾಪ್‌ನಿಂದ ತಂದ ಗ್ಯಾಸ್ ಮಾತ್ರೆ ತಿಂಗಳುಗಟ್ಟಲೆ ನುಂಗುವುದು, ಪ್ರತಿ ಸಲ ಅಮೀಬಾ ಅಂತ ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸುವುದು ಇದಕ್ಕೆ ಮದ್ದಲ್ಲ. ಭೇದಿ ಕಟ್ಟುವ ಮಾತ್ರೆಯನ್ನು ದಿನಾ ಕೊಟ್ಟರೆ, ವಾರಗಟ್ಟಲೆ ಹೋಗದೇ ಇರುವ ಇವನಂಥವನಿಗೆ ಇನ್ನೊಂದು ತಾಪತ್ರಯ. ಅಜ್ಜಿಯ ಜೀರಿಗೆ ಕಷಾಯ ಇರಲಿ, ಅಜ್ಜಿಗೂ ಸಮಾಧಾನ. ಒಂದೇ ಇರಲಿ, ದಿನಕ್ಕೊಂದು ಹೊಸದು ಬೇಡ.

ಮಾತ್ರೆಗಿಂತ ಜಾಸ್ತಿ ಕೆಲಸ ಮಾಡುವುದು ಮನಸ್ಸಿನ ಕಡೆಯಿಂದ ಕೊಡುವ ತರಬೇತಿ. ನೆದರ್ಲೆಂಡ್ಸ್‌ನಲ್ಲಿ ಇಂಥ ಹೊಟ್ಟೆನೋವಿನ 53 ಮಕ್ಕಳ ಮೇಲೆ ಮಾಡಿದ ಅಧ್ಯಯನ 2007ರಲ್ಲಿ ಬಂತು. ಕರುಳನ್ನು ಸಮಾಧಾನ ಮಾಡುವ ಸಮ್ಮೋಹನ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಮೇಲೆ 85 ಶೇಕಡಾ ಮಕ್ಕಳು ಆರಾಮಾಗಿದ್ದರು. ಮಾಮೂಲಿ ಚಿಕಿತ್ಸೆಯವರಲ್ಲಿ 25 ಶೇಕಡಾ ಮಾತ್ರ. ಸಮ್ಮೋಹನ ಅಂದರೆ ಜಾದೂ ಅಲ್ಲ. ಕಣ್ಣು ಮುಚ್ಚಿ, ಮೈ ಸಡಿಲ ಬಿಟ್ಟು, ಹೊಟ್ಟೆಯನ್ನು ಶಾಂತವಾಗಿ ಕಲ್ಪಿಸಿಕೊಳ್ಳುವ ಅಭ್ಯಾಸ. ಗೋಣಿಕೊಪ್ಪದಲ್ಲಿ ಅದನ್ನು ಕಲಿಸುವವರನ್ನು ಹುಡುಕುವುದು ಕಷ್ಟ ಅಂತ ನನಗೂ ಗೊತ್ತು. ನೋವಿನ ಬಗೆಗಿನ ಯೋಚನೆ ಬದಲಿಸುವ ಸಿಬಿಟಿ ಅನ್ನೋ ವಿಧಾನವೂ ಅಷ್ಟೇ ಉಪಯುಕ್ತ. ಅದನ್ನು ಕಲಿತ ಕ್ಲಿನಿಕಲ್ ಸೈಕಾಲಜಿಸ್ಟ್ ಮೈಸೂರಿನಲ್ಲಿ ಸಿಗುತ್ತಾರೆ, ವಿಡಿಯೋ ಕಾಲ್‌ನಲ್ಲೂ ಆಗುತ್ತದೆ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಲ್ಲಿವರೆಗೆ ಮನೆಯಲ್ಲಿ ಇಷ್ಟು ಮಾಡಲಿ. ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ, ಹೊಟ್ಟೆ ಮೇಲೆ ಕೈ ಇಟ್ಟು, ಕೈ ಏರುವ ಹಾಗೆ ನಾಲ್ಕು ಎಣಿಸಿ ಉಸಿರು ಒಳಗೆ, ಆರು ಎಣಿಸಿ ಹೊರಗೆ. ನೋವಿಲ್ಲದ ದಿನವೂ. ಪೆನಾಲ್ಟಿ ಕಾರ್ನರ್ ಹೊಡೆಯುವುದನ್ನು ಮ್ಯಾಚ್ ದಿನ ಕಲಿಯುತ್ತಾರಾ? ಇದೂ ಹಾಗೇ.

ಹಾಕಿಯ ಮಾತು ಬಂತಲ್ಲ, ನನ್ನ ಪ್ರಕಾರ ಚಿಕಿತ್ಸೆ ಶುರುವಾಗಬೇಕಾದದ್ದು ಅಲ್ಲಿಂದಲೇ. ಎಲ್ಲರೂ ಹೇಳುವುದು, ಮೊದಲು ಹುಷಾರಾಗಲಿ, ಆಮೇಲೆ ಆಡಲಿ ಅಂತ. ಐಬಿಎಸ್‌ನಲ್ಲಿ ಇದು ಉಲ್ಟಾ. ಆಟ, ಶಾಲೆ, ಗೆಳೆಯರು ಮೊದಲು ವಾಪಸ್ ಬರುತ್ತಾರೆ, ನೋವು ಆಮೇಲೆ ನಿಧಾನವಾಗಿ ಹಿಂದೆ ಸರಿಯುತ್ತದೆ. ಏಪ್ರಿಲ್-ಮೇಯಲ್ಲಿ ಒಕ್ಕಗಳ ನಡುವೆ ನಡೆಯುವ ಹಾಕಿ ಹಬ್ಬಕ್ಕೆ ಅವನು ಇಡೀ ಮ್ಯಾಚ್ ಆಡಬೇಕಾಗಿಲ್ಲ. ತಂಡದ ಜೊತೆ ಮೈದಾನಕ್ಕೆ ಹೋಗಲಿ, ಹತ್ತು ನಿಮಿಷ ಇಳಿಯಲಿ. ತಂಡದ ದೊಡ್ಡವರೊಬ್ಬರಿಗೆ ಮಾತ್ರ ಗುಟ್ಟಾಗಿ ಹೇಳಿರಲಿ. ಕೈ ತೋರಿಸಿದರೆ ಬದಲಿ ಆಟಗಾರ ಇಳಿಯುತ್ತಾನೆ, ಕಾರಣ ಕೇಳುವುದಿಲ್ಲ.

ಬೇಸಿಗೆ ರಜೆಯಲ್ಲಿ ನೋವು ಬಹಳ ಕಡಿಮೆಯಾಗಬಹುದು. ಮೋಸ ಹೋಗಬೇಡಿ, ಜೂನ್‌ನಲ್ಲಿ ಬಸ್ ಹತ್ತುವಾಗ ಮತ್ತೆ ಎದ್ದೀತು. ರಜೆಯನ್ನು ಅಭ್ಯಾಸಕ್ಕೆ ಬಳಸಿ. ಮೇ ತಿಂಗಳಿಂದಲೇ ಶಾಲೆಯ ದಿನದ ಹಾಗೆ ಬಸ್ಸಿಗೆ ಒಂದೂವರೆ ಗಂಟೆ ಮುಂಚೆ ಏಳಲಿ. ತಿಂಡಿ ಆದ ಮೇಲೆ ಟಾಯ್ಲೆಟ್‌ನಲ್ಲಿ ಹತ್ತು ನಿಮಿಷ, ಫೋನ್ ಇಲ್ಲದೆ. ಕಮೋಡ್ ಆದರೆ ಕಾಲ ಕೆಳಗೆ ಸಣ್ಣ ಮಣೆ ಇರಲಿ. ಆ ಬಸ್ ರಸ್ತೆಯಲ್ಲಿ ಲೈನ್ ಬಸ್ ಹತ್ತಿ ಒಂದು ಸ್ಟಾಪ್ ಹೋಗಿ ಇಳಿಯಲಿ, ಮುಂದಿನ ವಾರ ಮೂರು ಸ್ಟಾಪ್.

ಶಾಲೆ ತೆರೆಯುವ ಮುಂಚೆ ಹೆಡ್ ಮಾಸ್ಟರ್ ಮತ್ತು ಕ್ಲಾಸ್ ಟೀಚರ್ ಜೊತೆ ಕೂತು ಮಾತಾಡಿ. ವೈದ್ಯರ ಒಂದು ಚೀಟಿ ತಗೊಂಡು ಹೋಗಿ. ಕೇಳಬೇಕಾದ್ದು ಜಾಸ್ತಿ ಇಲ್ಲ. ಬಾಗಿಲ ಹತ್ತಿರ ಜಾಗ. ಕೈ ಎತ್ತಿ ಇಡೀ ಕ್ಲಾಸ್ ಮುಂದೆ ಕೇಳದೆ ಎದ್ದು ಹೋಗುವ ಅನುಮತಿ. ಚಿಲಕ ಇರುವ, ನೀರು ಬರುವ ಟಾಯ್ಲೆಟ್, ಬೇಕಾದರೆ ಟೀಚರ್‌ಗಳದ್ದು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೂರುವ ಜಾಗದ ಬಗ್ಗೆಯೂ ವರ್ಷದ ಶುರುವಿನಲ್ಲೇ ಮಾತಾಡಿಡಿ. ಬ್ಯಾಗ್‌ನಲ್ಲಿ ಒಂದು ಜೊತೆ ಒಳಉಡುಪು, ಟಿಶ್ಯೂ, ಒಂದು ಕವರ್ ಇರಲಿ. ಬಳಸುವ ದಿನ ಬರುವುದೇ ಅಪರೂಪ, ಇದೆ ಅನ್ನೋ ಧೈರ್ಯಕ್ಕೇ ಅರ್ಧ ಓಟ ನಿಲ್ಲುತ್ತದೆ.

ಎಷ್ಟೇ ಮಾಡಿದರೂ ಕೆಲವು ದಿನ ಮನೆಯಲ್ಲೇ ಉಳಿಯುತ್ತಾನೆ. ಉಳಿದ ದಿನ ಬೋರ್ ಹೊಡೆಸುವಂತಿರಲಿ. ಫೋನ್ ಇಲ್ಲ, ಟೀವಿ ಇಲ್ಲ, ವಿಶೇಷ ತಿಂಡಿ ಇಲ್ಲ. ನೋವು ಇಳಿದರೆ ಮಧ್ಯಾಹ್ನದಿಂದಾದರೂ ಶಾಲೆ. ಇದು ಶಿಕ್ಷೆ ಅಲ್ಲ ಅಂತ ಮೊದಲೇ ಹೇಳಿ.

ಇದರ ನಡುವೆ ಕೆಲವನ್ನು ಮಾತ್ರ ಐಬಿಎಸ್ ಲೆಕ್ಕಕ್ಕೆ ಹಾಕಬೇಡಿ. ನೋವು ಅಥವಾ ಭೇದಿ ನಿದ್ದೆಯಿಂದ ಎಬ್ಬಿಸಿದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದ ಜ್ವರ, ಕೀಲುನೋವು, ಬಾಯಿಹುಣ್ಣು, ಬಿಡದ ವಾಂತಿ ಇದ್ದರೆ, ಊಟ ಸರಿ ಮಾಡಿದರೂ ತೂಕ ಏರದಿದ್ದರೆ ವೈದ್ಯರಿಗೆ ತೋರಿಸಿ. (ಕಕ್ಕಡ ಮಾಸದಲ್ಲಿ ಮದ್ದು ಸೊಪ್ಪಿನ ಪಾಯಸ ತಿಂದು ಮೂತ್ರ ಕೆಂಪಾದರೆ ಮಾತ್ರ ಓಡಿ ಬರಬೇಡಿ, ಅದು ಸೊಪ್ಪಿನ ಬಣ್ಣ.) ಯಾವತ್ತಿನ ಹಾಗಿಲ್ಲದ ನೋವು ಬಲಗಡೆ ಕೆಳಗೆ ಬಂದು ನಿಂತು, ನಡೆಯಲು ಕಷ್ಟವಾದರೆ ಅವತ್ತೇ ಆಸ್ಪತ್ರೆ, ಅಪೆಂಡಿಕ್ಸ್ ಇರಬಹುದು. ಇನ್ನೊಂದನ್ನು ಅವನ ಅಪ್ಪನೇ ಅವನಿಗೆ ಹೇಳಲಿ. ಗಂಡುಮಕ್ಕಳಲ್ಲಿ ವೃಷಣ ತಿರುಚಿಕೊಂಡಾಗ ಹೊಟ್ಟೆಯ ಕೆಳಗೆ ದಿಢೀರ್ ನೋವು ಬರುತ್ತದೆ. ನಾಚಿಕೆಗೆ ಹುಡುಗರು ಬರೀ ಹೊಟ್ಟೆನೋವು ಅನ್ನುತ್ತಾರೆ. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ವೃಷಣ ಉಳಿಸುವುದು ಕಷ್ಟ. ಕೊಡಗಿನ ರಸ್ತೆಯಲ್ಲಿ ಆರು ಗಂಟೆ ಅಂದರೆ ಜಾಸ್ತಿ ಹೊತ್ತಲ್ಲ. ರಾತ್ರಿ ಎರಡಕ್ಕೆ ಬೇಕಾದರೂ ಎಬ್ಬಿಸು ಅಂತ ಹೇಳಿರಲಿ.

ಕೊನೆಗೆ, ರಾತ್ರಿ ಅವನು ಕೇಳಿದ ಪ್ರಶ್ನೆ. ದೀರ್ಘಕಾಲದ ಹೊಟ್ಟೆನೋವಿನ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಸುಮಾರು ಹತ್ತರಲ್ಲಿ ಮೂವರಿಗೆ ನೋವು ಉಳಿಯುತ್ತದೆ, ಏಳು ಮಂದಿಗೆ ಹೋಗುತ್ತದೆ. ಅವನಿಗೆ ಇದನ್ನು ಇದ್ದ ಹಾಗೇ ಹೇಳಿ. ಪೂರ್ತಿ ಹೋಗೇ ಹೋಗುತ್ತದೆ ಅಂತ ಭಾಷೆ ಕೊಡಬೇಡಿ, ಈ ವಯಸ್ಸಿನವರು ಸುಳ್ಳನ್ನು ಬೇಗ ಹಿಡಿಯುತ್ತಾರೆ. ಆ ಪ್ರಶ್ನೆಯ ಹಿಂದೆ ಬೇಸರ ಎಷ್ಟು ಆಳ ಇದೆ ಅಂತಲೂ ನೋಡಿ. ನಿದ್ದೆ ಕೆಟ್ಟಿದೆಯಾ, ಗೆಳೆಯರ ಫೋನ್ ಎತ್ತುತ್ತಿಲ್ಲವಾ, ಶಾಲೆಯಲ್ಲಿ ಯಾರಾದರೂ ಹಂಗಿಸುತ್ತಿದ್ದಾರಾ? 'ಬದುಕೋದೇ ಬೇಡ ಅನಿಸುತ್ತಾ?' ಅಂತ ನೇರವಾಗಿ ಕೇಳಬಹುದು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ 14416ಕ್ಕೆ ಫೋನ್ ಮಾಡಿ, ವೈದ್ಯರಿಗೆ ತೋರಿಸಿ.

ತೂಕವನ್ನು ತಿಂಗಳ 1 ಮತ್ತು 15ನೇ ತಾರೀಕು ಬರೆದಿಡಿ, ಅದೇ ತಕ್ಕಡಿಯಲ್ಲಿ. ಎರಡೂ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಹಾಕಿ ಹಬ್ಬದಲ್ಲಿ ಎಷ್ಟು ನಿಮಿಷ ಆಡಿದ ಅಂತಲೂ ಅದರಲ್ಲಿ ಇರಲಿ.